ವೇಶ್ಯಾವಾಟಿಕೆ ಕಾಯ್ದೆ: ಹೆಣ್ಣಿನ ಮೇಲಿನ ಸೆಕ್ಷನ್‌ಗಳನ್ನು ಮೊದಲು ತೆಗೆಯಿರಿ

ಮಾನ್ಯ ಸಂಪಾದಕರಿಗೆ,

ವೇಶ್ಯಾವಾಟಿಕೆಯನ್ನು ಅಪರಾಧದ ವ್ಯಾಪ್ತಿಯಿಂದ ಹೊರಗಿಡಬೇಕೇ ಬೇಡವೇ ಎಂಬ ವಿಷಯವಾಗಿ ತಮ್ಮ ಪತ್ರಿಕೆಯ ವಾಚಕರ ಅಂಕಣದಲ್ಲಿ ಬರುತ್ತಿರುವ ಪತ್ರಗಳನ್ನು ಆಸಕ್ತಿಯಿಂದ ಓದುತ್ತಿದ್ದೇನೆ. ಕಾನೂನು ಸಡಿಲಗೊಂಡರೆ ಕೊಡಗಿನ ಹೋಂಸ್ಟೇಗಳೆಲ್ಲ ದಂಧೆಯ ಅಡ್ಡೆಗಳಾಗುತ್ತವೆ ಎಂದು ಸೋಮವಾರಪೇಟೆ ಕಡೆಯ ಓದುಗರೊಬ್ಬರು ಆತಂಕಪಟ್ಟಿದ್ದಾರೆ. ಗೋಣಿಕೊಪ್ಪಲಿನ ಇನ್ನೊಬ್ಬರು, ಪರವಾನಗಿ ಕೊಟ್ಟು ತೆರಿಗೆ ವಸೂಲು ಮಾಡಿದರೆ ತಕರಾರು ಮುಗಿಯುತ್ತದೆ ಎಂದು ಬರೆದಿದ್ದಾರೆ. ಈಗ ಜಾರಿಯಲ್ಲಿರುವ ಕಾನೂನು ಏನು ಹೇಳುತ್ತದೆ, ಅದು ಯಾರ ಮೇಲೆ ಹೇಗೆ ಬೀಳುತ್ತದೆ ಎಂಬುದನ್ನು ಮಾತ್ರ ಇಬ್ಬರೂ ನೋಡಿದಂತಿಲ್ಲ. ಮಡಿಕೇರಿಯ ನ್ಯಾಯಾಲಯಗಳಲ್ಲಿ ವಕೀಲಿ ಮಾಡುತ್ತಿರುವ, ಉಚಿತ ಕಾನೂನು ನೆರವಿನ ಕೋರಿಕೆಯ ಮೇಲೆ ಇಂಥ ಪ್ರಕರಣಗಳ ಹೆಣ್ಣುಮಕ್ಕಳ ಪರವಾಗಿ ಆಗಾಗ ಹಾಜರಾಗಿರುವ ನನಗೆ ಚರ್ಚೆ ಅಲ್ಲಿಂದಲೇ ಆರಂಭವಾಗಬೇಕು ಎನಿಸುತ್ತದೆ.

ನಮ್ಮ ಕಾಯ್ದೆ 1956ರದು. ಮನುಷ್ಯರ ಕಳ್ಳಸಾಗಣೆಯನ್ನು ತಡೆಯುವ ವಿಶ್ವಸಂಸ್ಥೆಯ 1949ರ ಒಡಂಬಡಿಕೆಗೆ ಭಾರತ ಸಹಿ ಹಾಕಿದ ಮೇಲೆ ಅದರ ಬೆನ್ನಿಗೇ ಬಂದದ್ದು. 1986ರ ತಿದ್ದುಪಡಿಯಿಂದ ಈಗಿನ ಹೆಸರು ಪಡೆದು ಅನೈತಿಕ ವ್ಯವಹಾರ ತಡೆ ಕಾಯ್ದೆ ಆಯಿತು. ಈ ಕಾಯ್ದೆಯಲ್ಲಿ, 18 ವರ್ಷ ದಾಟಿದ ಹೆಣ್ಣೊಬ್ಬಳು ತನ್ನ ಕೋಣೆಯಲ್ಲಿ, ಯಾರ ಬಲವಂತವೂ ಇಲ್ಲದೆ, ತಾನೊಬ್ಬಳೇ ಹಣ ಪಡೆದು ಲೈಂಗಿಕ ಸಂಪರ್ಕ ನಡೆಸುವುದು ಅಪರಾಧವೆಂದು ಹೇಳುವ ಒಂದು ಸೆಕ್ಷನ್ ಕೂಡ ಇಲ್ಲ. ಇದನ್ನು ಹೇಳಿದಾಗ ನನ್ನ ಕಕ್ಷಿದಾರರಿರಲಿ, ಎಷ್ಟೋ ಸಲ ಪೊಲೀಸ್ ಸಿಬ್ಬಂದಿಯೂ ಅಚ್ಚರಿಪಡುತ್ತಾರೆ. ಆದರೆ ಆ ಕೋಣೆಯ ನಾಲ್ಕು ಗೋಡೆಗಳ ಆಚೆ ಕಾಲಿಟ್ಟರೆ ಎಲ್ಲವೂ ಅಪರಾಧ. ಇಬ್ಬರು ಹೆಂಗಸರು ಸುರಕ್ಷತೆಗೆಂದು ಬಾಡಿಗೆ ಹಂಚಿಕೊಂಡು ಒಂದೇ ಮನೆಯಲ್ಲಿ ಈ ಕೆಲಸ ಮಾಡಿದರೆ ಆ ಮನೆ ಕಾನೂನಿನ ಕಣ್ಣಿಗೆ ವೇಶ್ಯಾಗೃಹ, ಏಕೆಂದರೆ ಇಬ್ಬರ ಪರಸ್ಪರ ಲಾಭಕ್ಕೆ ಬಳಸುವ ಜಾಗವನ್ನೂ ಎರಡನೇ ಸೆಕ್ಷನ್ನಿನ ವ್ಯಾಖ್ಯೆ ಒಳಗೊಳ್ಳುತ್ತದೆ; ಅದನ್ನು ನಡೆಸಿದವರಿಗೆ ಮೊದಲ ಸಲವೇ ಕನಿಷ್ಠ 1 ವರ್ಷದ ಕಠಿಣ ಸಜೆ. ಅಂದರೆ ಒಬ್ಬಳೇ ಇದ್ದು ಅಪಾಯಕ್ಕೆ ಸಿಲುಕುವವಳನ್ನು ಕಾನೂನು ಸುಮ್ಮನೆ ಬಿಡುತ್ತದೆ, ಜೊತೆಗಾತಿಯನ್ನು ಇಟ್ಟುಕೊಂಡು ಎಚ್ಚರಿಕೆ ವಹಿಸಿದವಳನ್ನು ಹಿಡಿಯುತ್ತದೆ.

ಏಳನೇ ಸೆಕ್ಷನ್ ಪ್ರಕಾರ ಪೂಜಾಸ್ಥಳ, ಶಾಲೆ, ಹಾಸ್ಟೆಲ್, ಆಸ್ಪತ್ರೆ ಇತ್ಯಾದಿಗಳಿಂದ 200 ಮೀಟರ್ ಒಳಗೆ ಇದು ನಡೆಯುವಂತಿಲ್ಲ. ಮಡಿಕೇರಿ ಪೇಟೆಯಲ್ಲಿ ಗುಡಿ, ಮಸೀದಿ, ಇಗರ್ಜಿ, ಶಾಲೆ, ನರ್ಸಿಂಗ್ ಹೋಂ ಯಾವುದೂ ಇಲ್ಲದ 200 ಮೀಟರ್ ಜಾಗವನ್ನು ಯಾರಾದರೂ ತೋರಿಸಿದರೆ ಅವರಿಗೆ ನಾನು ಋಣಿ. ಗಿರಾಕಿಯನ್ನು ಕರೆಯುವುದನ್ನು ಶಿಕ್ಷಿಸುವ ಎಂಟನೇ ಸೆಕ್ಷನ್ನನ್ನಂತೂ ಓದುಗರು ಒಮ್ಮೆ ಸ್ವತಃ ತೆರೆದು ನೋಡಬೇಕು. ಹೆಣ್ಣು ಈ ತಪ್ಪು ಮಾಡಿದರೆ ಮೊದಲ ಸಲಕ್ಕೆ 6 ತಿಂಗಳವರೆಗೆ ಜೈಲು ಅಥವಾ 500 ರೂಪಾಯಿವರೆಗೆ ದಂಡ ಅಥವಾ ಎರಡೂ, ಮರುಕಳಿಸಿದರೆ 1 ವರ್ಷದವರೆಗೆ ಜೈಲು. ಅದೇ ತಪ್ಪನ್ನು ಗಂಡಸು ಮಾಡಿದರೆ 7 ದಿನದಿಂದ 3 ತಿಂಗಳು. ಒಂದೇ ಕೃತ್ಯಕ್ಕೆ ಹೆಣ್ಣಿಗೆ ಹೆಚ್ಚಿನ ಗರಿಷ್ಠ ಶಿಕ್ಷೆ ಎಂದು ಇಷ್ಟು ನೇರವಾಗಿ ಬರೆದಿಟ್ಟ ಇನ್ನೊಂದು ಸೆಕ್ಷನ್ನನ್ನು ನನ್ನ ವೃತ್ತಿಯಲ್ಲಿ ನಾನು ಕಂಡಿಲ್ಲ. ಇನ್ನು ನಾಲ್ಕನೇ ಸೆಕ್ಷನ್. ವೇಶ್ಯಾವೃತ್ತಿಯ ಗಳಿಕೆಯ ಮೇಲೆ ತಿಳಿದೂ ಬದುಕುವ 18 ವರ್ಷ ಮೀರಿದ ಯಾರನ್ನೇ ಆಗಲಿ ಅದು 2 ವರ್ಷದವರೆಗೆ ಜೈಲಿಗೆ ಕಳಿಸಬಲ್ಲದು. ಇದನ್ನು ಬರೆದಾಗ ದಲ್ಲಾಳಿಗಳು ಮನಸ್ಸಿನಲ್ಲಿದ್ದಿರಬೇಕು, ಆದರೆ ಬರಹದಲ್ಲಿ ದಲ್ಲಾಳಿ ಮತ್ತು ಮಗ ಎಂಬ ಭೇದವಿಲ್ಲ. ತಾಯಿಯ ದುಡ್ಡಿನಲ್ಲಿ ಪದವಿ ಕಾಲೇಜಿಗೆ ಹೋಗುತ್ತಿರುವ ಹುಡುಗ ಹದಿನೆಂಟು ತುಂಬಿದ ಬೆಳಿಗ್ಗೆಯೇ ಆರೋಪಿಯಾಗಬಹುದು. ಅವಳ ಜೊತೆ ಒಂದೇ ಮನೆಯಲ್ಲಿ ವಾಸವಾಗಿರುವುದು ಸಾಬೀತಾದರೆ ಸಾಕು, ಗಳಿಕೆಯನ್ನು ಉಣ್ಣುತ್ತಿಲ್ಲ ಎಂದು ತೋರಿಸುವ ಹೊಣೆ ಅವನದೇ.

ಈ ಸೆಕ್ಷನ್‌ಗಳು ಕಾಗದದ ಮೇಲಷ್ಟೇ ಇವೆ ಎಂದು ಭಾವಿಸುವವರಿಗಾಗಿ ಒಂದು ಪ್ರಕರಣವನ್ನು, ಗುರುತು ಸಿಗದಂತೆ, ಹೇಳುತ್ತೇನೆ. ತೋಟವೊಂದರ ಕೂಲಿಕಾರರ ಲೈನ್ ಮನೆಯಲ್ಲಿದ್ದ, ಮೂವತ್ತು ದಾಟಿದ ಹೆಂಗಸು. ಕಾಫಿ ಕುಯ್ಲು ಮುಗಿದು ಕರಿಮೆಣಸಿನ ಕೆಲಸವೂ ತೀರಿದ ಮೇಲೆ, ಮಳೆಗಾಲ ಹಿಡಿಯುವ ತನಕ ವಾರದಲ್ಲಿ ಕೆಲವೇ ದಿನ ಕೂಲಿ. ಗಂಡ ಮೇಸ್ತ್ರಿಯ ಬಳಿ ಮುಂಗಡ ಪಡೆದು ಊರು ಬಿಟ್ಟಿದ್ದ. ಸಂತೆಯ ದಿನ ಪೇಟೆಯ ಒಂದು ಬಾಡಿಗೆ ಕೋಣೆಯಲ್ಲಿ ದಾಳಿ ನಡೆಯಿತು. ಮಹಜರಿನಲ್ಲಿ ವಶಪಡಿಸಿಕೊಂಡ ವಸ್ತುಗಳೆಂದು ಬರೆದದ್ದು ಒಂದು ಮೊಬೈಲ್, ಸ್ವಲ್ಪ ನಗದು, ನೀಲಿ ಪ್ಲಾಸ್ಟಿಕ್ ಕವರಿನಲ್ಲಿದ್ದ ಕಾಂಡೋಮ್ ಪೊಟ್ಟಣಗಳು. ಪೊಟ್ಟಣಗಳ ಮೇಲೆ ಸರ್ಕಾರದ ಉಚಿತ ವಿತರಣೆಯ ಮುದ್ರೆಯಿತ್ತು. ಒಂದು ಇಲಾಖೆ ಆರೋಗ್ಯ ಕಾರ್ಯಕರ್ತೆಯ ಕೈಯಲ್ಲಿ ಕೊಟ್ಟು ಕಳಿಸಿದ್ದನ್ನು ಇನ್ನೊಂದು ಇಲಾಖೆ ಮೊಹರು ಹಾಕಿ ಸಾಕ್ಷ್ಯವಾಗಿಸಿತು. ದಾಖಲೆಯಲ್ಲಿ ಆಕೆ ಆರೋಪಿಯಲ್ಲ, ರಕ್ಷಿಸಲ್ಪಟ್ಟವಳು. ಆದರೂ ವಿಚಾರಣೆ ಮುಗಿಯುವ ತನಕ ಆಕೆಯನ್ನು ಬೇರೆ ಜಿಲ್ಲೆಯ ನಿಲಯಕ್ಕೆ ಕಳಿಸಲಾಯಿತು. ಹದಿನೇಳನೇ ಸೆಕ್ಷನ್ ಪ್ರಕಾರ ಈ ಮಧ್ಯಂತರ ವಶ 3 ವಾರದವರೆಗೆ ನಡೆಯಬಹುದು, ಆಮೇಲೆ ಮ್ಯಾಜಿಸ್ಟ್ರೇಟರಿಗೆ ಸರಿ ಎನಿಸಿದರೆ 1ರಿಂದ 3 ವರ್ಷದವರೆಗೆ ರಕ್ಷಣಾ ಗೃಹದಲ್ಲಿ ಇರಿಸಬಹುದು. ಮಗಳನ್ನು ಪಕ್ಕದ ಲೈನಿನ ಮುದುಕಿ ನೋಡಿಕೊಂಡಳು. ಆಕೆ ವಾಪಸು ಬಂದು ನನ್ನನ್ನು ಕೇಳಿದ ಪ್ರಶ್ನೆಯಲ್ಲಿ ಘನತೆ, ಹಕ್ಕು ಎಂಬ ಮಾತುಗಳು ಯಾವುವೂ ಇರಲಿಲ್ಲ: “ಅಮ್ಮಾ, ಚೆಕ್‌ರೋಲ್‌ನಿಂದ ನನ್ನ ಹೆಸರು ಹೊಡೆದು ಹಾಕಿದ್ದಾರಂತೆ, ಲೈನ್ ಖಾಲಿ ಮಾಡಲು ರೈಟರ್ ಹೇಳಿದ್ದಾರೆ, ಅದನ್ನು ಇದೇ ಕೋರ್ಟಿನಲ್ಲಿ ಕೇಳಬಹುದಾ?” (ಚೆಕ್‌ರೋಲ್ ಎಂದರೆ ತೋಟದ ಕೂಲಿಯವರ ಹಾಜರಿ ಪಟ್ಟಿ, ರೈಟರ್ ಎಂದರೆ ತೋಟದ ಗುಮಾಸ್ತ.) ಆ ಕೋರ್ಟಿನಲ್ಲಿ ಕೇಳುವಂತಿರಲಿಲ್ಲ. ಗಿರಾಕಿಯ ವಿರುದ್ಧ ಪ್ರಕರಣ ನಿಲ್ಲಲಿಲ್ಲ. ಕೋಣೆಯ ಬಾಡಿಗೆ ಎತ್ತುತ್ತಿದ್ದವನು ಜಾಮೀನಿನ ಮೇಲೆ ಹೊರಬಂದು, ನಾನು ಬಲ್ಲ ಮಟ್ಟಿಗೆ, ಇವತ್ತಿಗೂ ಬಾಡಿಗೆ ಎತ್ತುತ್ತಿದ್ದಾನೆ.

ಈ ದಾಳಿ ನಡೆಯುವ ಮೊದಲೇ ಸುಪ್ರೀಂ ಕೋರ್ಟು ಬುದ್ಧದೇವ್ ಕರ್ಮಾಸ್ಕರ್ ಪ್ರಕರಣದಲ್ಲಿ ನಿರ್ದೇಶನಗಳನ್ನು ಕೊಟ್ಟಾಗಿತ್ತು. ಕೋಲ್ಕತ್ತಾದಲ್ಲಿ 1999ರಲ್ಲಿ ನಡೆದ ಲೈಂಗಿಕ ಕಾರ್ಯಕರ್ತೆಯೊಬ್ಬರ ಕೊಲೆಯ ಮೇಲ್ಮನವಿಯನ್ನು 2011ರಲ್ಲಿ ವಜಾ ಮಾಡಿದ ನ್ಯಾಯಾಲಯ, ವಿಷಯವನ್ನು ಅಲ್ಲಿಗೇ ಬಿಡದೆ ಸ್ವಯಂಪ್ರೇರಿತವಾಗಿ ಸಮಿತಿಯೊಂದನ್ನು ನೇಮಿಸಿತು. ಆ ಸಮಿತಿಯ ಶಿಫಾರಸುಗಳ ಮೇಲೆ 2022ರ ಮೇ 19ರಂದು, ಸುಪ್ರೀಂ ಕೋರ್ಟಿಗೆ ವಿಶೇಷ ಅಧಿಕಾರ ಕೊಡುವ ಸಂವಿಧಾನದ 142ನೇ ವಿಧಿಯಡಿ ಆದೇಶ ಹೊರಬಿತ್ತು. ನ್ಯಾಯಮೂರ್ತಿ ಎಲ್. ನಾಗೇಶ್ವರ ರಾವ್ ನೇತೃತ್ವದ ಆ ಪೀಠದಲ್ಲಿ ನಮ್ಮ ಕೊಡಗಿನವರೇ ಆದ ನ್ಯಾಯಮೂರ್ತಿ ಎ.ಎಸ್. ಬೋಪಣ್ಣ ಅವರೂ ಇದ್ದರು ಎಂಬುದನ್ನು ಇಲ್ಲಿ ನೆನೆಯುವುದು ಅಪ್ರಸ್ತುತವಾಗಲಾರದು. ಕಾಂಡೋಮನ್ನು ಅಪರಾಧದ ಸಾಕ್ಷ್ಯವೆಂದು ಪರಿಗಣಿಸಬಾರದು, ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಲೈಂಗಿಕ ಕಾರ್ಯಕರ್ತೆಗೆ ಇತರ ಸಂತ್ರಸ್ತೆಯರಂತೆಯೇ ತಕ್ಷಣದ ವೈದ್ಯಕೀಯ ನೆರವು ಸಿಗಬೇಕು, ತಮ್ಮ ಇಚ್ಛೆಗೆ ವಿರುದ್ಧವಾಗಿ ರಕ್ಷಣಾ ಗೃಹಗಳಲ್ಲಿ ಇರಿಸಲಾದ ವಯಸ್ಕ ಹೆಂಗಸರ ಸಮೀಕ್ಷೆ ನಡೆಸಿ ಅವರನ್ನು ಬಿಡಬೇಕು, ಪೊಲೀಸರು ಬೈಗುಳ ಹೊಡೆತಗಳಿಗೆ ಇಳಿಯಬಾರದು ಎಂದು ಆದೇಶ ಹೇಳಿತು. ಇದಕ್ಕೂ ಮುನ್ನ 2020ರಲ್ಲಿ ಬಾಂಬೆ ಹೈಕೋರ್ಟು ಹೀಗೆ ಇರಿಸಿದ್ದ ಮೂವರನ್ನು ಬಿಡುಗಡೆ ಮಾಡುತ್ತ, ವಯಸ್ಕ ಹೆಣ್ಣನ್ನು ಅವಳ ಒಪ್ಪಿಗೆಯಿಲ್ಲದೆ ಕೂಡಿಹಾಕುವಂತಿಲ್ಲ ಎಂದಿತ್ತು.

ಹಾಗಾದರೆ ಕಾಯ್ದೆಯ ತಿದ್ದುಪಡಿ ಏಕೆ ಬೇಕು, ಆದೇಶ ಪಾಲಿಸಿದರೆ ಸಾಲದೇ ಎಂದು ಕೇಳಬಹುದು. ಸಾಲದು. ಸಮಿತಿಯ ಶಿಫಾರಸುಗಳಲ್ಲಿ ಅತಿ ಮುಖ್ಯವಾದ ಕೆಲವಕ್ಕೆ ಕೇಂದ್ರ ಸರ್ಕಾರ ಆಗಲೇ ಆಕ್ಷೇಪ ಸಲ್ಲಿಸಿತ್ತು. ಸ್ವಇಚ್ಛೆಯಿಂದ ಈ ಕೆಲಸದಲ್ಲಿರುವ ವಯಸ್ಕರ ವಿಷಯದಲ್ಲಿ ಪೊಲೀಸರು ಮಧ್ಯೆ ಬರಬಾರದು, ದಾಳಿಯ ವೇಳೆ ಹೆಂಗಸರನ್ನು ಬಂಧಿಸಬಾರದು ಎಂಬವು ಹೀಗೆ ಹೊರಗುಳಿದವು. ಜಾರಿಯಾಗಬೇಕಾದ ನಿರ್ದೇಶನಗಳೂ ಪೊಲೀಸ್ ಠಾಣೆಯ ಮೇಜಿನ ಮೇಲೆ ಇರುವುದಿಲ್ಲ, ಕಾಯ್ದೆಯ ಪುಸ್ತಕ ಇರುತ್ತದೆ. ಎಫ್‌ಐಆರ್ ಬರೆಯುವವರು ನೋಡುವುದು ಪುಸ್ತಕವನ್ನು.

ಈಗ ಎದುರು ಪಕ್ಷದ ವಾದಕ್ಕೆ ಬರುತ್ತೇನೆ. ಎದುರು ಪಕ್ಷ ಎಂದರೆ ಸಂಸ್ಕೃತಿ ಕೆಟ್ಟುಹೋಗುತ್ತದೆ ಎನ್ನುವವರಲ್ಲ, ಆ ವಾದಕ್ಕೆ ಹೆಚ್ಚು ಶಾಯಿ ಖರ್ಚು ಮಾಡುವ ಅಗತ್ಯ ಕಾಣುವುದಿಲ್ಲ. ತೂಕದ ವಾದ ಮಂಡಿಸುವವರು ಹೆಣ್ಣಿನ ಹಕ್ಕಿಗಾಗಿಯೇ ಹೋರಾಡುತ್ತ ಬಂದ ಮಹಿಳಾ ಸಂಘಟನೆಗಳವರು. ಹಣ ಕೊಟ್ಟು ಪಡೆದ ಒಪ್ಪಿಗೆ ಒಪ್ಪಿಗೆಯೇ ಅಲ್ಲ, ವೇಶ್ಯಾವಾಟಿಕೆ ತನ್ನ ಸ್ವರೂಪದಲ್ಲೇ ಹೆಣ್ಣಿನ ಮೇಲಿನ ಹಿಂಸೆ, ಅದನ್ನು ಕೆಲಸವೆಂದು ಕರೆದರೆ ಹಿಂಸೆಗೆ ಮರ್ಯಾದೆಯ ಅಂಗಿ ತೊಡಿಸಿದಂತೆ ಎಂಬುದು ಅವರ ನಿಲುವು. ಮಹಿಳೆಯರ ಮೇಲಿನ ಹಿಂಸೆಯನ್ನು ಕುರಿತ ವಿಶ್ವಸಂಸ್ಥೆಯ ವಿಶೇಷ ವರದಿಗಾರ್ತಿ ರೀಮ್ ಅಲ್‌ಸಲೇಮ್ 2024ರ ತಮ್ಮ ವರದಿಯಲ್ಲಿ ಹೆಚ್ಚುಕಡಿಮೆ ಇದನ್ನೇ ಹೇಳಿದ್ದಾರೆ. ನಮ್ಮ ರಾಜ್ಯದಲ್ಲಿ ಈ ವಾದಕ್ಕೆ ಇನ್ನೊಂದು ಆಳವಿದೆ. ಉತ್ತರ ಕರ್ನಾಟಕದಲ್ಲಿ ದೇವದಾಸಿ ಪದ್ಧತಿಯ ಹೆಸರಿನಲ್ಲಿ ಮುತ್ತು ಕಟ್ಟಿದ್ದು ಯಾವ ಜಾತಿಯ ಹುಡುಗಿಯರಿಗೆ, ಅವರನ್ನು ಬಳಸಿಕೊಂಡವರು ಯಾವ ಜಾತಿಯವರು ಎಂಬುದು ಎಲ್ಲರಿಗೂ ಗೊತ್ತು. 1982ರ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ ಬಂದ ಮೇಲೂ ಅದು ಒಂದೇಟಿಗೆ ನಿಲ್ಲಲಿಲ್ಲ. ಹುಟ್ಟಿನಿಂದಲೇ ಒಂದು ಸಮುದಾಯದ ಹೆಣ್ಣಿನ ಮೇಲೆ ಹೊರಿಸಿದ್ದನ್ನು ಅವಳ ಆಯ್ಕೆ ಎನ್ನಲು ನನಗೂ ನಾಲಗೆ ಏಳುವುದಿಲ್ಲ. ಕೊಡಗಿನಲ್ಲೂ ಈ ಕೆಲಸಕ್ಕೆ ಬಂದವರು ಕೊಡವರ ಪೂರ್ವಿಕರ ಐನ್‌ಮನೆಗಳಿಂದ ಬಂದವರಲ್ಲ, ಲೈನ್ ಮನೆಗಳಿಂದ, ಆದಿವಾಸಿ ಹಾಡಿಗಳ ಅಂಚಿನಿಂದ, ಕೂಲಿಗೆಂದು ದೂರದಿಂದ ಬಂದ ಕುಟುಂಬಗಳಿಂದ ಬಂದವರು ಎಂಬುದನ್ನು ನನ್ನ ಕಡತಗಳೇ ಹೇಳುತ್ತವೆ.

ರೋಗನಿದಾನ ಒಪ್ಪಿದರೂ ಅವರು ಹೇಳುವ ಔಷಧಿ ನನಗೆ ಒಪ್ಪಿಗೆಯಾಗುವುದಿಲ್ಲ. ಆಯ್ಕೆಯಿಲ್ಲದೆ ಬಂದವಳೆಂದು ನಂಬುವುದಾದರೆ ಅವಳನ್ನು 6 ತಿಂಗಳು ಜೈಲಿಗೆ ಹಾಕುವ ಸೆಕ್ಷನ್ನನ್ನು ಸಮರ್ಥಿಸುವುದು ಹೇಗೆ? ಈ ಪ್ರಶ್ನೆಗೆ ಆ ಪಕ್ಷದ ಪ್ರಾಮಾಣಿಕರು ಕೊಡುವ ಉತ್ತರ ಸ್ವೀಡನ್ ಮಾದರಿ: ಮಾರುವವಳನ್ನು ಬಿಡಿ, ಕೊಳ್ಳುವವನನ್ನು ಶಿಕ್ಷಿಸಿ. ಸ್ವೀಡನ್ 1999ರಿಂದ ಇದನ್ನು ಜಾರಿಗೆ ತಂದಿದೆ, ನಾರ್ವೆ 2009ರಲ್ಲಿ, ಫ್ರಾನ್ಸ್ 2016ರಲ್ಲಿ ಅದೇ ದಾರಿ ಹಿಡಿದವು. ಫ್ರಾನ್ಸಿನ ಲೈಂಗಿಕ ಕಾರ್ಯಕರ್ತೆಯರು ಈ ಕಾನೂನು ತಮ್ಮನ್ನು ಇನ್ನಷ್ಟು ಅಪಾಯಕ್ಕೆ ತಳ್ಳಿದೆ ಎಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋದರು. 2024ರ ಜುಲೈನಲ್ಲಿ ನ್ಯಾಯಾಲಯ ಕಾನೂನನ್ನು ಎತ್ತಿಹಿಡಿಯಿತು. ಆದ್ದರಿಂದ ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ಆ ಹೆಂಗಸರ ಅಳಲಿನಲ್ಲಿ ನಮ್ಮೂರಿಗೆ ಪಾಠವಿದೆ. ಗಿರಾಕಿಗೆ ಪೊಲೀಸರ ಭಯವಿದ್ದಾಗ ಅವನು ಬೆಳಕಿರುವ ಜಾಗಕ್ಕೆ ಬರುವುದಿಲ್ಲ, ಹೆಸರು ಹೇಳುವುದಿಲ್ಲ, ಮಾತುಕತೆಗೆ ಸಮಯ ಕೊಡುವುದಿಲ್ಲ. ಅವನ ಮುಖ ನೋಡಿ, ಕುಡಿದಿದ್ದಾನೆಯೇ, ಜೊತೆಗೆ ಇನ್ನಿಬ್ಬರನ್ನು ಕಾರಿನಲ್ಲಿ ಕೂರಿಸಿಕೊಂಡು ಬಂದಿದ್ದಾನೆಯೇ ಎಂದು ಅಳೆಯಲು ಅವಳಿಗಿರುವ ಒಂದೆರಡು ನಿಮಿಷವೂ ಕೈತಪ್ಪುತ್ತದೆ. ಸಂಜೆ ಆರಕ್ಕೆ ಮಂಜು ಕವಿಯುವ, ಒಂದು ತೋಟದಿಂದ ಇನ್ನೊಂದಕ್ಕೆ ಮೈಲಿಗಟ್ಟಲೆ ಮನೆಯಿಲ್ಲದ, ಮೊಬೈಲ್ ಸಿಗ್ನಲ್ ಸಿಗದ ನಮ್ಮ ರಸ್ತೆಗಳನ್ನು ಬಲ್ಲವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಕಳ್ಳಸಾಗಣೆಗೆ ಒಳಗಾದವಳೆಂದು ತಿಳಿದೂ ಅವಳನ್ನು ಬಳಸಿಕೊಳ್ಳುವವನಿಗೆ ಹಳೆಯ ದಂಡ ಸಂಹಿತೆಯ ಜಾಗಕ್ಕೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ 144ನೇ ಸೆಕ್ಷನ್ ಕನಿಷ್ಠ 3 ವರ್ಷದ ಸಜೆ ವಿಧಿಸುತ್ತದೆ. ಅದನ್ನು ಬಿಗಿಯಾಗಿ ಜಾರಿ ಮಾಡಲಿ, ನನ್ನ ತಕರಾರಿಲ್ಲ.

ಪರವಾನಗಿ ಮತ್ತು ತೆರಿಗೆಯ ಸಲಹೆ ಕೊಟ್ಟ ಗೋಣಿಕೊಪ್ಪಲಿನ ಓದುಗರು ಜರ್ಮನಿಯ ಅನುಭವವನ್ನು ಗಮನಿಸಬೇಕು. ಅಲ್ಲಿ 2002ರ ಕಾನೂನು ಈ ಕೆಲಸಕ್ಕೆ ಉದ್ಯೋಗ ಒಪ್ಪಂದ, ಸಾಮಾಜಿಕ ವಿಮೆಗಳ ಬಾಗಿಲು ತೆರೆಯಿತು. ಒಪ್ಪಂದಕ್ಕೆ ಸಹಿ ಹಾಕಿದವರು ವಿರಳ, ಹಣ ಮಾಡಿಕೊಂಡವರು ದೊಡ್ಡ ವೇಶ್ಯಾಗೃಹಗಳ ಮಾಲೀಕರು. 2017ರಿಂದ ನೋಂದಣಿ ಕಡ್ಡಾಯವಾಯಿತು, ಆದರೂ ಹೆಸರು ಬಯಲಾಗುವ ಭಯಕ್ಕೆ ಬಹುಪಾಲು ಹೆಂಗಸರು ನೋಂದಣಿಯ ಹೊರಗೇ ಉಳಿದರು, ಹಾಗೆ ಹೊರಗುಳಿದವರೆಲ್ಲ ಮತ್ತೆ ಕಾನೂನುಬಾಹಿರರಾದರು. ಗ್ರಾಮ ಪಂಚಾಯಿತಿಯ ಕಚೇರಿಗೆ ಹೋಗಿ, ಮಾವನೋ ಭಾವನೋ ಸದಸ್ಯನಾಗಿ ಕುಳಿತಿರುವಲ್ಲಿ, ಇಂಥ ಪರವಾನಗಿಗೆ ಅರ್ಜಿ ಕೊಡುವ ಹೆಂಗಸನ್ನು ಕೊಡಗಿನಲ್ಲಿ ಊಹಿಸಿಕೊಳ್ಳಲು ನನ್ನಿಂದಾಗದು. ಪರವಾನಗಿ ಮಾಲೀಕನಿಗೆ ಅನುಕೂಲ, ಅವಳಿಗಲ್ಲ.

ನನಗೆ ಹತ್ತಿರವೆನಿಸುವುದು ನ್ಯೂಜಿಲೆಂಡ್ 2003ರಲ್ಲಿ ಮಾಡಿದ ಕೆಲಸ. ಅಲ್ಲಿನ ಸಂಸತ್ತಿನಲ್ಲಿ ಮಸೂದೆ ಗೆದ್ದದ್ದು 60ಕ್ಕೆ 59 ಮತಗಳಿಂದ, ಅಂದರೆ ಆ ಸಮಾಜವೂ ಅಳೆದು ಸುರಿದೇ ಒಪ್ಪಿತು. ಈ ಕೆಲಸವನ್ನು ಹೊಗಳದೆ, ಪ್ರೋತ್ಸಾಹಿಸದೆ, ಅದರಲ್ಲಿರುವ ವಯಸ್ಕರನ್ನು ಅಪರಾಧಿಗಳೆನ್ನುವ ನಿಯಮಗಳನ್ನಷ್ಟೇ ತೆಗೆದರು. ನಾಲ್ವರವರೆಗೆ ಹೆಂಗಸರು ಯಾರ ಯಜಮಾನಿಕೆಯೂ ಇಲ್ಲದೆ ಒಟ್ಟಾಗಿ ಇರಬಹುದೆಂದರು. ಬಲವಂತಪಡಿಸುವವನಿಗೆ, 18ರ ಒಳಗಿನವರನ್ನು ಬಳಸುವವನಿಗೆ ಶಿಕ್ಷೆಯನ್ನು ಉಳಿಸಿಕೊಂಡರು. ಐದು ವರ್ಷಗಳ ನಂತರ ನಡೆದ ಅಧಿಕೃತ ಪರಿಶೀಲನೆಯಲ್ಲಿ ಪ್ರಶ್ನೆಗೆ ಉತ್ತರಿಸಿದವರ ಪೈಕಿ ಶೇಕಡ 60ಕ್ಕೂ ಹೆಚ್ಚು ಮಂದಿ, ಬೇಡವೆನಿಸಿದ ಗಿರಾಕಿಗೆ ಆಗುವುದಿಲ್ಲ ಎನ್ನಲು ಈಗ ಹೆಚ್ಚು ಧೈರ್ಯವಿದೆ ಎಂದರು. 2014ರಲ್ಲಿ ಅಲ್ಲಿನ ಹೆಂಗಸೊಬ್ಬಳು ವೇಶ್ಯಾಗೃಹದ ಮಾಲೀಕನ ವಿರುದ್ಧವೇ ಲೈಂಗಿಕ ಕಿರುಕುಳದ ದೂರು ಕೊಟ್ಟು 25 ಸಾವಿರ ಡಾಲರ್ ಪರಿಹಾರ ಪಡೆದಳು. ನ್ಯೂಜಿಲೆಂಡ್ ಕೊಡಗಲ್ಲ, ಅಲ್ಲಿ ಜಾತಿಯಿಲ್ಲ, ನಿರುದ್ಯೋಗ ಭತ್ಯೆಯಿದೆ ಎಂದು ಎದುರು ಹೇಳಬಹುದು, ಸರಿಯೇ. ತಾತ್ಕಾಲಿಕ ವೀಸಾದಲ್ಲಿ ಬಂದ ವಿದೇಶಿ ಹೆಂಗಸರನ್ನು ಆ ಕಾನೂನು ಹೊರಗೇ ಇಟ್ಟದ್ದರಿಂದ ಅವರ ಶೋಷಣೆ ನಿಂತಿಲ್ಲ ಎಂಬುದೂ ನಿಜ. ಪರಿಹಾರ ಪಡೆದ ಆ ಹೆಂಗಸಿಗೆ ದೂರು ಕೊಡುವ ಬಾಯಿ ಬಂದದ್ದು ತಾನು ಅಪರಾಧಿಯಲ್ಲ ಎಂದಾದ ಮೇಲೆ ಎಂಬುದನ್ನು ಮಾತ್ರ ಈ ವ್ಯತ್ಯಾಸಗಳು ಅಳಿಸುವುದಿಲ್ಲ. ನಮ್ಮ ದೇಶದಲ್ಲಿ ಅತ್ಯಾಚಾರದ ದೂರುದಾರಳು ಶೀಲಗೆಟ್ಟವಳೆಂದು ತೋರಿಸಿ ಅವಳ ಸಾಕ್ಷ್ಯವನ್ನು ಅಲ್ಲಗಳೆಯಲು ಆಸ್ಪದ ಕೊಡುತ್ತಿದ್ದ ಸಾಕ್ಷ್ಯ ಕಾಯ್ದೆಯ ಅವಕಾಶವನ್ನು 2003ರಲ್ಲೇ ತೆಗೆದುಹಾಕಲಾಗಿದೆ. ಆದರೆ ಲೈಂಗಿಕ ಕಾರ್ಯಕರ್ತೆ ಅತ್ಯಾಚಾರದ ದೂರು ಕೊಡಬೇಕಾದರೆ ಮೊದಲು ತಾನು ಎಲ್ಲಿ, ಏಕೆ, ಯಾರ ಕೋಣೆಯಲ್ಲಿ ಇದ್ದೆ ಎಂದು ಹೇಳಬೇಕು. ಆ ಮೂರು ಉತ್ತರಗಳಲ್ಲಿ ಮೂರು ಸೆಕ್ಷನ್‌ಗಳು ಅವಳಿಗಾಗಿ ಕಾದಿರುತ್ತವೆ.

ಹೋಂಸ್ಟೇಗಳ ಬಗೆಗಿನ ಆತಂಕಕ್ಕೂ ಉತ್ತರ ಇಲ್ಲಿಯೇ ಇದೆ. ಮನೆಗೆಲಸ, ಅಡುಗೆ, ಹೌಸ್‌ಕೀಪಿಂಗ್ ಎಂದು ನಂಬಿಸಿ ಹುಡುಗಿಯರನ್ನು ಕರೆತಂದು ದಂಧೆಗೆ ದೂಡುವವರು ಇದ್ದಾರೆ, ಅವರ ಬಗ್ಗೆ ಸೋಮವಾರಪೇಟೆಯ ಓದುಗರಿಗಿರುವ ಸಿಟ್ಟು ನನಗೂ ಇದೆ. ಅಂಥವರಿಗಾಗಿ ನ್ಯಾಯ ಸಂಹಿತೆಯ 143ನೇ ಸೆಕ್ಷನ್ನಿನಲ್ಲಿ 7ರಿಂದ 10 ವರ್ಷ, ಬಾಲಕಿಯಾದರೆ 10 ವರ್ಷದಿಂದ ಜೀವಾವಧಿಯವರೆಗೆ ಸಜೆಯಿದೆ, ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯಿದೆ. ನಾನು ತೆಗೆಯಿರಿ ಎನ್ನುತ್ತಿರುವ ಸೆಕ್ಷನ್‌ಗಳಲ್ಲಿ ಇವು ಯಾವುವೂ ಇಲ್ಲ. ಹೊಸ ಹುಡುಗಿಯೊಬ್ಬಳು ಬಂದಿದ್ದಾಳೆ, ವಯಸ್ಸು ಕಡಿಮೆ, ಅಳುತ್ತಿದ್ದಾಳೆ ಎಂಬುದು ಎಲ್ಲರಿಗಿಂತ ಮೊದಲು ಗೊತ್ತಾಗುವುದು ಅದೇ ಕೆಲಸದಲ್ಲಿರುವ ಇತರ ಹೆಂಗಸರಿಗೆ. ಕೋಲ್ಕತ್ತಾದ ಸೋನಾಗಾಚಿಯಲ್ಲಿ ಲೈಂಗಿಕ ಕಾರ್ಯಕರ್ತೆಯರದೇ ಸಂಘಟನೆಯಾದ ದುರ್ಬಾರ್, ಹೊಸದಾಗಿ ಬಂದವರ ವಯಸ್ಸು ಮತ್ತು ಒಪ್ಪಿಗೆಯನ್ನು ವಿಚಾರಿಸುವ ಸ್ವಯಂ ನಿಯಂತ್ರಣ ಮಂಡಳಿಗಳನ್ನು ತೊಂಬತ್ತರ ದಶಕದಲ್ಲೇ ಕಟ್ಟಿ, ಅಪ್ರಾಪ್ತ ವಯಸ್ಕರನ್ನೂ ಬಲವಂತಕ್ಕೆ ಸಿಲುಕಿದವರನ್ನೂ ಹೊರತರುವ ಕೆಲಸ ಮಾಡುತ್ತ ಬಂದಿದೆ. ನಮ್ಮಲ್ಲಿ ಅಂಥ ಹೆಂಗಸು ತುರ್ತು ಸಹಾಯದ 112ಕ್ಕೋ ಮಕ್ಕಳ ಸಹಾಯವಾಣಿ 1098ಕ್ಕೋ ಕರೆ ಮಾಡಿದರೆ ಮೊದಲ ಪ್ರಶ್ನೆ ನೀನು ಅಲ್ಲಿ ಏನು ಮಾಡುತ್ತಿದ್ದೆ ಎಂಬುದೇ ಆಗಿರುತ್ತದೆ. ಆದ್ದರಿಂದ ಆಕೆ ಕರೆ ಮಾಡುವುದಿಲ್ಲ. ದಾಳಿಗಳು ನೆರೆಮನೆಯವರ ಮೂಗರ್ಜಿಯ ಮೇಲೆ ನಡೆಯುತ್ತವೆ, ಮೂಗರ್ಜಿಗಳು ಬಹುತೇಕ ಬರುವುದು ಅಕ್ಕಪಕ್ಕದ ಹೋಂಸ್ಟೇಗಳ ನಡುವಿನ ವ್ಯಾಪಾರದ ಜಗಳದಿಂದ ಎಂಬುದು ಊರಿನಲ್ಲಿ ಎಲ್ಲರೂ ಬಲ್ಲ ವಿಷಯ.

ನಾನು ಕೇಳುತ್ತಿರುವುದು ಹೊಸದೇನೂ ಅಲ್ಲ. ಎಂಟನೇ ಸೆಕ್ಷನ್ನನ್ನೂ, ಹೆಣ್ಣನ್ನು ಊರಿನಿಂದಲೇ ಹೊರಹಾಕಲು ಮ್ಯಾಜಿಸ್ಟ್ರೇಟರಿಗೆ ಅಧಿಕಾರ ಕೊಡುವ ಇಪ್ಪತ್ತನೇ ಸೆಕ್ಷನ್ನನ್ನೂ ತೆಗೆದುಹಾಕಲು ಕೇಂದ್ರ ಸರ್ಕಾರವೇ 2006ರಲ್ಲಿ ತಿದ್ದುಪಡಿ ಮಸೂದೆ ತಂದಿತ್ತು. ಅದರಲ್ಲೇ ಗಿರಾಕಿಗಳನ್ನು ಶಿಕ್ಷಿಸುವ ಹೊಸ ಸೆಕ್ಷನ್ನೂ ಸೇರಿದ್ದರಿಂದ ವಾದವಿವಾದ ಬೆಳೆದು, 2009ರಲ್ಲಿ ಲೋಕಸಭೆಯ ಅವಧಿ ಮುಗಿದಾಗ ಮಸೂದೆಯೂ ಬಿದ್ದುಹೋಯಿತು. ಆ ಎರಡು ಸೆಕ್ಷನ್‌ಗಳನ್ನು ಮತ್ತೆ ಕೈಗೆತ್ತಿಕೊಳ್ಳುವಂತೆ ನಮ್ಮ ಲೋಕಸಭಾ ಸದಸ್ಯರು ಕೇಳಬೇಕು. ಜೊತೆಗೆ, ಒಟ್ಟಿಗೆ ಇರುವ ಇಬ್ಬರು ಹೆಂಗಸರನ್ನು ವೇಶ್ಯಾಗೃಹದ ವ್ಯಾಖ್ಯೆಯಿಂದ ಬಿಡಬೇಕು. ನಾಲ್ಕನೇ ಸೆಕ್ಷನ್ ಬಲವಂತದಿಂದ ಅಥವಾ ದಲ್ಲಾಳಿತನದಿಂದ ಹಣ ಕೀಳುವವರಿಗಷ್ಟೇ ಅನ್ವಯಿಸಬೇಕು, ಮುದಿ ತಾಯಿಗೂ ಓದುವ ಮಗನಿಗೂ ಅಲ್ಲ. ವಯಸ್ಕ ಹೆಣ್ಣನ್ನು ಒಪ್ಪಿಗೆಯಿಲ್ಲದೆ ನಿಲಯದಲ್ಲಿ ಇರಿಸುವ ಅಧಿಕಾರ ಹೋಗಬೇಕು.

ರಾಜ್ಯ ಸರ್ಕಾರದ ಕೈಯಲ್ಲಿರುವುದೂ ಕಡಿಮೆಯಲ್ಲ. ಲೈಂಗಿಕ ಕಾರ್ಯಕರ್ತೆಯರ ಸ್ಥಿತಿಗತಿ ಅರಿಯಲು ಜಯಮಾಲಾ ಅವರ ಅಧ್ಯಕ್ಷತೆಯಲ್ಲಿ ನೇಮಿಸಿದ್ದ ಸಮಿತಿ 2017ರಲ್ಲಿ ವರದಿ ಕೊಟ್ಟಿದೆ. ಮಹಿಳಾ ಅಭಿವೃದ್ಧಿ ನಿಗಮದಲ್ಲಿ ಇವರಿಗೆಂದೇ ಚೇತನ ಯೋಜನೆಯಿದೆ. ಯೋಜನೆಯ ಸೌಲಭ್ಯ ಪಡೆಯಲು ತಾನು ಯಾರೆಂದು ಜಿಲ್ಲೆಯ ಕಚೇರಿಯಲ್ಲಿ ಹೇಳಿಕೊಳ್ಳಬೇಕಾದ ಹೆಂಗಸು, ಅದನ್ನೇ ಹೇಳಿಕೊಂಡರೆ ಪೊಲೀಸರ ಪಟ್ಟಿಗೂ ಸೇರುತ್ತೇನೆಂದು ಹೆದರಿ ಹಿಂದೆ ಸರಿಯುತ್ತಾಳೆ. ತೋಟದಲ್ಲಿ ಕೆಲಸ ಕಡಿಮೆಯಾಗುವ ತಿಂಗಳುಗಳಲ್ಲಿ ಅಲ್ಲಿನ ಹೆಂಗಸರಿಗೆ ಕೂಲಿ ಸಿಗುವ ಬೇರೆ ದಾರಿಯಿದ್ದರೆ ಈ ಕಡತಗಳಲ್ಲಿ ಕೆಲವಾದರೂ ನನ್ನ ಮೇಜಿಗೆ ಬರುತ್ತಿರಲಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಈ ಕೆಲಸದಿಂದ ಹೊರಬರಲು ಇಷ್ಟಪಡುವವಳಿಗೆ ದಾರಿ ಮಾಡಿಕೊಡಬೇಕು ಎಂಬುದರಲ್ಲಿ ಎರಡೂ ಪಕ್ಷಗಳಿಗೆ ಭಿನ್ನಾಭಿಪ್ರಾಯವಿಲ್ಲ. ಆದರೆ ಸೆಕ್ಷನ್ 8ರ ಅಡಿ ಶಿಕ್ಷೆಯಾದ ದಾಖಲೆ ಹೊತ್ತವಳಿಗೆ ಅಂಗನವಾಡಿಯಲ್ಲೋ ಆಸ್ಪತ್ರೆಯಲ್ಲೋ ಕೆಲಸ ಕೊಡುವವರು ಯಾರು?

ಕಡೆಯದಾಗಿ, ಸಂಪಾದಕರೇ, ತಮ್ಮಲ್ಲೊಂದು ಕೋರಿಕೆ. ದಾಳಿಯ ಸುದ್ದಿಗಳ ಜೊತೆಗೆ ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡ ಹೆಂಗಸರ ಚಿತ್ರ ಪ್ರಕಟಿಸುವುದು, ಊರು, ತೋಟ, ಗಂಡನ ಕೆಲಸ, ವಯಸ್ಸು ಬರೆಯುವುದು ನಮ್ಮ ಜಿಲ್ಲೆಯ ಪತ್ರಿಕೆಗಳಲ್ಲಿ ರೂಢಿಯಾಗಿದೆ. ದೊಡ್ಡ ನಗರದಲ್ಲಿ ಇಷ್ಟರಿಂದ ಗುರುತು ಸಿಗಲಿಕ್ಕಿಲ್ಲ. ಇಲ್ಲಿ ತೋಟದ ಹೆಸರು ಬಂತೆಂದರೆ ಸಂಜೆಯೊಳಗೆ ಸಂತೆಮಾಳಕ್ಕೆಲ್ಲ ಗೊತ್ತಾಗುತ್ತದೆ. ರಕ್ಷಿಸಲ್ಪಟ್ಟವರಿರಲಿ ಆರೋಪಿಗಳಿರಲಿ, ದಾಳಿಯ ವೇಳೆ ಲೈಂಗಿಕ ಕಾರ್ಯಕರ್ತೆಯರ ಗುರುತು ಬಯಲಾಗದಂತೆ ನೋಡಿಕೊಳ್ಳಬೇಕೆಂದು 2022ರ ಆದೇಶ ಮಾಧ್ಯಮಗಳಿಗೂ ಹೇಳಿದೆ, ಪತ್ರಿಕಾ ಮಂಡಳಿಗೆ ಮಾರ್ಗಸೂಚಿ ಹೊರಡಿಸಲು ಸೂಚಿಸಿದೆ. ನಾನು ಮೇಲೆ ಹೇಳಿದ ಹೆಂಗಸಿನ ಬಗೆಗಿನ ಸುದ್ದಿ ತಮ್ಮ ಪತ್ರಿಕೆಯಲ್ಲಿ ಬಂದಿರಲಿಲ್ಲ, ಆದರೆ ಅಂಥದೇ ಬೇರೆ ಎರಡು ವರದಿಗಳು ತೋಟಗಳ ಹೆಸರು ಸಮೇತ ತಮ್ಮ ಜಾಲತಾಣದಲ್ಲಿ ಇನ್ನೂ ಉಳಿದಿವೆ. ಅವುಗಳ ವಿವರವನ್ನು ಬೇರೆ ಲಕೋಟೆಯಲ್ಲಿ ತಮ್ಮ ಕಚೇರಿಗೆ ಕಳಿಸಿದ್ದೇನೆ. ಹೆಸರುಗಳನ್ನು ತೆಗೆಸಿಕೊಡಬೇಕೆಂದು ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಓರ್ವ ವಕೀಲೆ
ಮಡಿಕೇರಿ